ಮೇಕೆ, ಐನೂರು

ನನ್ನ ಅಂಗಡಿಗೆ ಗೋಡೆಯಿಲ್ಲ.
ನೋಟಿನ ಕಟ್ಟುಗಳೇ ಗೋಡೆ, ಮೊಣಕಾಲೆತ್ತರ,
ಗಾಳಿಗೆ ಹಾರದಂತೆ ಮೇಲೊಂದು ಕಲ್ಲು.
ಹರ್ಗೇಸಾ ಪೇಟೆಯ ಈ ಧೂಳಲ್ಲಿ
ಇಪ್ಪತ್ತೆರಡು ವರ್ಷದಿಂದ ಇದೇ ಎಣ್ಣೆ ಡಬ್ಬದ ಮೇಲೆ ಕೂತು
ಡಾಲರ್ ಕೊಂಡು ಶಿಲ್ಲಿಂಗ್ ಮಾರುತ್ತೇನೆ,
ಶಿಲ್ಲಿಂಗ್ ಕೊಂಡು ಡಾಲರ್.

ಬಾಂಗು ಕೇಳಿದರೆ ಬಲೆ ಹೊದಿಸಿ ಎದ್ದು ಹೋಗುತ್ತೇನೆ.
ತಿರುಗಿ ಬಂದರೆ ಒಂದು ಕಟ್ಟೂ ಕದಲಿರುವುದಿಲ್ಲ.
ಪರವೂರಿನವರು ಕೇಳುತ್ತಾರೆ: ಇಲ್ಲಿ ಕಳ್ಳರೇ ಇಲ್ಲವೇ?
ಇದ್ದಾನೆ ಒಬ್ಬ.
ನಾವೆಲ್ಲ ಮಲಗಿದ ಮೇಲೆ ಬರುತ್ತಾನೆ,
ನೋಟನ್ನು ನೋಟಿನಂತೆಯೇ ಬಿಟ್ಟು
ಒಳಗಿನ ಸಕ್ಕರೆಯನ್ನಷ್ಟೇ ಒಯ್ಯುತ್ತಾನೆ.
ನಿನ್ನೆ ಐದು ಕಿಲೋ ತರುತ್ತಿದ್ದ ಕಟ್ಟು
ಬೆಳಗಾದರೆ ನಾಲ್ಕೂಮುಕ್ಕಾಲು.

ಅದಕ್ಕೇ ಹೊತ್ತು ಮುಳುಗುವ ಮೊದಲು ಎಣಿಸುತ್ತೇನೆ.
ನಾಳೆಗೆ ಬೇಕಾದಷ್ಟೇ ಶಿಲ್ಲಿಂಗ್. ಉಳಿದದ್ದು ಡಾಲರ್, ಸೊಂಟದ ಚೀಲಕ್ಕೆ.
ಹಜ್ಜಿನ ಮುಂಚೆ, ಬೆರ್ಬೆರಾದಲ್ಲಿ ಕುರಿಗಳು ಹಡಗು ಹತ್ತುವ ತಿಂಗಳು ಮಾತ್ರ
ಡಾಲರ್ ಅಗ್ಗವಾಗುತ್ತದೆ; ಊರಿಗೆಲ್ಲ ಗೊತ್ತು.
ಊರಿಗೆಲ್ಲ ಗೊತ್ತಿರುವುದನ್ನೂ ನಾನು ಅರ್ಧವೇ ನಂಬುವುದು.
ಒಂದು ವರ್ಷ ಹಡಗು ಬರಲಿಲ್ಲ.
ಆಗ ಮಾರಿದ ಬಳೆಯ ಜಾಗ
ನೋಡಿ, ಈ ಕೈಯಲ್ಲಿ, ಇನ್ನೂ ಬೋಳು.

ತಂಗಿಯ ಮಗ ಗುಲೈದ್ ಅಂದಿದ್ದ:
ದೊಡ್ಡಮ್ಮ, ನಿನ್ನ ಹಣಕ್ಕೆ ತಳ್ಳುಗಾಡಿ ಬೇಕು,
ನನ್ನದು ಅಂಗೈಯಲ್ಲಿ ಕೂರುತ್ತದೆ.
ಯೂರೋ, ಯೆನ್, ಪೌಂಡು,
ಎಂದೂ ಮುಟ್ಟದ, ಮೂಸದ ಹಣ.
ಮುನ್ನೂರು ಇಟ್ಟರೆ ಮೂವತ್ತು ಸಾವಿರದ ಆಟವಂತೆ.
ಮಿಕ್ಕದ್ದು ಯಾರದು ಮಗಾ? ಎಂದೆ. ನಕ್ಕ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ಇವನು ಬೀದಿಯಗಲ ಚಾಚಿದ್ದ.
ಹಾಗೆ ಚಾಚಿದ ಕಾಲಿಗೆ ಲಾರಿಯೇ ಬರಬೇಕೆಂದಿಲ್ಲ,
ಕತ್ತೆಗಾಡಿ ಸಾಕು.

ರಾತ್ರಿ ಒಂಟೆಯ ಮುಂಗಾಲಿಗೆ ಹಗ್ಗ ಬಿಗಿಯುತ್ತಿದ್ದ ನನ್ನ ಅಪ್ಪ.
ಒಂಟೆಯ ಮೇಲೆ ಸಿಟ್ಟಿನಿಂದಲ್ಲ.
ಅಂಥದೇ ಹಗ್ಗ ಫೋನಿನಲ್ಲೂ ಇತ್ತಂತೆ:
ಇಷ್ಟು ಕಳೆದರೆ ಸಾಕು, ನಿಲ್ಲು, ಎಂಬ ಗಂಟು.
ಹುಡುಗ ಕಟ್ಟಿದ್ದ.
ಒಂಟೆ ಎಳೆಯಿತು, ಒಂದು ಗೇಣು ಸಡಿಲಿಸಿದ.
ಮತ್ತೆ ಎಳೆಯಿತು.
ಇಗೋ ತಿರುಗುತ್ತದೆ, ಇಗೋ ಈಗ, ಎನ್ನುತ್ತ
ಗಂಟನ್ನೇ ಬಿಚ್ಚಿಬಿಟ್ಟ.
ರಾತ್ರಿ ಹತ್ತಕ್ಕೆ, ಹಿಮ ಬೀಳುವ ಯಾವುದೋ ಊರಿನಲ್ಲಿ
ಬ್ಯಾಂಕಿನವನೊಬ್ಬ ಕನ್ನಡಕ ಸರಿಮಾಡಿಕೊಂಡು
ಒಂದು ವಾಕ್ಯ ಓದಿದನಂತೆ.
ನಾಲ್ಕೇ ನಿಮಿಷ.

ಈಗ ನನ್ನ ಪಕ್ಕ ಕೂರುತ್ತಾನೆ. ಮಾತು ಕಡಿಮೆ.
ಒಂಟೆಹಾಲಿನ ಚಹಾ ಆರಿ ಕೆನೆಗಟ್ಟುತ್ತದೆ.
ಒಂದು ಕಟ್ಟು ಕೊಟ್ಟು ಕೇಳಿದೆ:
ಇದರಲ್ಲಿ ಎಷ್ಟು ಹೋದರೂ ನಾಳೆ ಇಲ್ಲಿ ಬಂದು ಚಹಾ ಕುಡಿಯಬಲ್ಲೆ?
ಅಷ್ಟನ್ನೇ ಬೇರೆ ಇಡು.
ಎಣಿಸತೊಡಗಿದ. ನಿಲ್ಲಿಸಿದ. ಮತ್ತೆ ಮೊದಲಿಂದ.

ಅಷ್ಟರಲ್ಲಿ ಯಾರದೋ ಮೇಕೆ
ಬಲೆಯ ಕಣ್ಣಿನಿಂದ ಒಂದು ನೋಟೆಳೆದು
ಕಣ್ಮುಚ್ಚಿ ಜಗಿಯಿತು.
ಹುಡುಗ ಕಲ್ಲೆತ್ತಿದ. ಬಿಡು, ಎಂದೆ,
ಪುಸ್ತಕ ತೆಗೆ. ಎಡಗಡೆ, ಹೋದ ಲೆಕ್ಕದ ಕೆಳಗೆ, ಬರಿ:
ಮೇಕೆ, ಐನೂರು.
ಪುಟ ತಿರುವಿದ.
ಹಿಂದಿನ ತಿಂಗಳಲ್ಲೂ ಮೇಕೆ.
ಅದರ ಹಿಂದೆಯೂ.
ದೊಡ್ಡಮ್ಮ, ಪ್ರತಿ ತಿಂಗಳೂ ಇದಕ್ಕೆಂದೇ ತೆಗೆದಿಡುತ್ತೀಯಾ?
ಎನ್ನುತ್ತ ನಕ್ಕ,
ನಾಲ್ಕು ತಿಂಗಳ ಮೇಲೆ ಮೊದಲ ಸಲ.
ನಾನು ಕಲ್ಲನ್ನು ಇನ್ನೊಂದಿಷ್ಟು ಅಂಚಿಗೆ ಸರಿಸಿದೆ.