ಸೀಸೆಯ ಮೇಲೆ ಮಲ್ಲಿಗೆ ಎಂದು ಬರೆದಿತ್ತು

ವ್ಯಾನು ಮಾರುವಾಗ ಅರುಳ್‌ರಾಜ್ ಎಲ್ಲ ಹೇಳಿದ:
ಕ್ಲಚ್ಚು ಬಿಗಿ, ಎಡಗಡೆ ಬಾಗಿಲು
ಒದ್ದರೆ ಮಾತ್ರ ಮುಚ್ಚುತ್ತೆ, ಇನ್ಶೂರೆನ್ಸು ಯುಗಾದಿವರೆಗೆ.
ವಾಸನೆಯ ಮಾತೇ ಎತ್ತಲಿಲ್ಲ.
ಕನ್ನಡಿಗೆ ನೇತುಹಾಕಿದ್ದ ಸೀಸೆಯನ್ನು ನಾನೇ ಬಿಚ್ಚಿ
ಲಿಂಗರಾಜಪುರದ ಕಸದ ತೊಟ್ಟಿಗೆ ಎಸೆದೆ.
ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಬೆಳಗಿನ ಜಾವ ಮೂರೂವರೆಗೆ ಸಿಟಿ ಮಾರ್ಕೆಟ್ಟು.
ಎರಡು ಮೂಟೆ ದುಂಡುಮಲ್ಲಿಗೆ, ಒಂದು ಕುಕ್ಕೆ ಮರುಗ,
ಒದ್ದೆ ಗೋಣಿ ಹೊದಿಸಿ, ಬಾಗಿಲು ಒದ್ದು ಹೊರಟರೆ
ಬಾಪೂಜಿನಗರ ಬರುವಷ್ಟರಲ್ಲಿ
ಸೀಸೆಯ ಮಲ್ಲಿಗೆ ಗಿಡದ ಮಲ್ಲಿಗೆಯನ್ನು ನುಂಗಿರುತ್ತದೆ.
ಮೈಸೂರು ರಸ್ತೆಯಲ್ಲಿ ಇರುವುದು ಎರಡೇ ದಾರಿ:
ಗಾಜು ಇಳಿಸಿದರೆ ವೃಷಭಾವತಿ,
ಏರಿಸಿದರೆ ಸೀಸೆ.

‘ಏನು ಗಂಗರತ್ನಮ್ಮ, ಹೂವಿಗೆ ಸೆಂಟು ಹೊಡೀತೀಯಾ?’
ಕೊನೆಮನೆ ಟೀಚರಮ್ಮ ಎರಡು ಮೊಳ ವಾಪಸ್ಸು ಕೊಟ್ಟರು.
ಮೂಸಿದ ಹೂವು ದೇವರಿಗೆ ಆಗದು ಅಂತ
ನನಗೇ ಪಾಠ ಹೇಳಿದವರು
ಮೂಗಿಗೆ ಹಿಡಿದು ಮೂಸಿದರು.
ನಾಚಿಕೆಯಾಯಿತು. ಮೂರು ತಲೆಮಾರು ಹೂವು ಕಟ್ಟಿದ ಕೈ ಇದು.

ಹೇಳುವವರಿಗೇನು ಬರ?
ಇಸ್ತ್ರಿ ಚೌಡಪ್ಪ ಆರಿದ ಇದ್ದಿಲು ಕೊಟ್ಟ, ಸೀಟಿನಡಿ ಇಡು ಅಂತ.
ಇಟ್ಟೆ. ಇದ್ದಿಲಿಗೇ ಸೆಂಟು ಹತ್ತಿತು.
ಅಡಿಗೆ ಸೋಡಾ ಎರಚಿ ರಾತ್ರಿಯೆಲ್ಲ ಬಿಟ್ಟೆ,
ಬೆಳಿಗ್ಗೆ ಪೊರಕೆ ಹಿಡಿದು ಸೀನಿದ್ದೇ ಲಾಭ.
ಕಾಫಿಪುಡಿ ಬಟ್ಟಲಲ್ಲಿ ಇಟ್ಟೆ;
ಕಾಫಿ ಕುಡಿಯುತ್ತಾ ಮಲ್ಲಿಗೆ ಇನ್ನೂ ಆರಾಮಾಗಿ ಕೂತಿತು.
ಮಗಳು ಈರುಳ್ಳಿ ಹೆಚ್ಚಿ ಇಟ್ಟಳು.
ಆ ದಿನದ ವ್ಯಾಪಾರ ಕೇಳಬೇಡಿ.

ಕಲಾಸಿಪಾಳ್ಯದ ಇಲ್ಯಾಸ್ ಮಾತ್ರ ಮೂಗಿನಿಂದ ಹುಡುಕಲಿಲ್ಲ,
ಸ್ಪ್ಯಾನರಿನಿಂದ ಹುಡುಕಿದ.
‘ವಾಸನೆ ಗಾಳಿಯಲ್ಲಿಲ್ಲ ಅಕ್ಕ, ಮನೆ ಮಾಡಿಕೊಂಡಿದೆ.’
ಸೀಟು ಬಿಚ್ಚಿದ, ಮ್ಯಾಟು ಎಬ್ಬಿಸಿದ.
ಕೆಳಗೆ ಅಂಗೈಯಗಲ ಹಳದಿ ಅಂಟು:
ಎಂದೋ ಒಡೆದ ಸೀಸೆ, ಒಂದಲ್ಲ, ಮೂರು ನಾಲ್ಕರ ಚೂರು.
ಅದರೊಳಗೆ ಸಿಕ್ಕಿಕೊಂಡು
ಪೆನ್ಸಿಲ್ಲಿನ ಸಿಪ್ಪೆ, ಟಿಫಿನ್ ಡಬ್ಬಿಯ ಮುಚ್ಚಳ,
ಒಂದು ಬಿಳಿ ಕಾಲುಚೀಲ, ಒಣಗಿದ ಚಿತ್ರಾನ್ನ,
ಚಿಟ್ಟೆ ಆಕಾರದ ಕ್ಲಿಪ್ಪು.

ಬೆಚ್ಚನೆ ನೀರು, ಸೋಪಿನ ಪುಡಿ, ತೆಂಗಿನ ನಾರು.
ಮೊಣಕಾಲೂರಿ ಉಜ್ಜಿದೆ. ನೀರು ಹಾಲಿನಂತೆ ಹರಿಯಿತು.
ಸೀಟುಗಳು ನಾಲ್ಕು ದಿನ ತಾರಸಿಯ ಮೇಲೆ,
ಕಾಗೆಗಳು ಡ್ರೈವರನ ಹಾಗೆ ಕೂತವು.
ವ್ಯಾನು ಬೀದಿಯಲ್ಲಿ ನಾಲ್ಕೂ ಬಾಗಿಲು ತೆರೆದು
ಬಿಸಿಲಿಗೆ ಬಾಯಿ ಬಿಟ್ಟು ನಿಂತಿತ್ತು.

ಐದನೆಯ ದಿನ ಸೆಂಟು ಇಳಿಯಿತು.
ಇಳಿದ ಕಡೆ ಇನ್ನೊಂದು ಎದ್ದಿತು:
ಹುಳಿ ಹಾಲು, ವಾಂತಿ,
ಮಕ್ಕಳ ತಲೆಯ ಎಣ್ಣೆ, ಬೆವರು.
ಬೈಯಲೆಂದೇ ಫೋನು ಹಚ್ಚಿದೆ.
‘ಹನ್ನೊಂದು ವರ್ಷ ಸ್ಕೂಲ್ ವ್ಯಾನು ಅಕ್ಕ.
ಒಂದು ಪಾಪು, ಯುಕೆಜಿ, ಹೆಣ್ಣೂರು ತಿರುವಿನಲ್ಲಿ ದಿನಾ ವಾಂತಿ.
ಉಳಿದವರು ಮೂಗು ಮುಚ್ಚಿಕೊಂಡು ನಗೋರು.
ಅವಳು ಹತ್ತೋದೇ ಬಿಟ್ಟಳು. ಅದಕ್ಕೇ ಮಲ್ಲಿಗೆ ತಂದೆ.
ಜಾಸ್ತಿ ಆಯ್ತಾ?’

ಬೈಯಲಿಲ್ಲ. ಎಷ್ಟು ಕೊಟ್ಟೆ ಸೀಸೆಗೆ ಅಂತ ಕೇಳಿದೆ.
ನೂರಿಪ್ಪತ್ತು ಅಂದ. ಮೋಸ ಹೋದೆ ಅಂದೆ.

ಈಗ ಎಲ್ಲ ಹೋಗಿದೆ, ಸೆಂಟೂ, ಹುಳಿಯೂ.
ಟೀಚರಮ್ಮ ಮೊನ್ನೆ ಮೂರು ಮೊಳ ತಗೊಂಡರು, ಮೂಸದೆ.
ಚಿಟ್ಟೆ ಕ್ಲಿಪ್ಪು ಕನ್ನಡಿಗೆ ಸಿಕ್ಕಿಸಿದ್ದೇನೆ,
ಸೀಸೆ ಇದ್ದ ಕಡೆ.
ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಬಿಸಿಲು ಏರಿದಾಗ
ಬೆಲ್ಟು ಎಳೆದರೆ ಒಮ್ಮೊಮ್ಮೆ
ಅದರ ಮಡಿಕೆಯಿಂದ ಎದ್ದು ಬರುತ್ತದೆ, ಒಂದೆಳೆ.
ಬೆಲ್ಟು ತೊಳೆಯಬೇಕು. ಈ ಭಾನುವಾರ ಆಗಲಿಲ್ಲ.
ಗಾಜು ಏರಿಸಿಕೊಳ್ಳುತ್ತೇನೆ,
ವೃಷಭಾವತಿ ಬಂತು.