ಸಣ್ಣ ಉರಿ

ಗುರುವಾರ ಹುಚ್ಚರಾಯ ವ್ಯಾನಿನಿಂದ ಇಳಿಸಿ ತಂದ
ಮೂಲೆ ಹರಿದ ಪೊಟ್ಟಣ. ಒಳಗೆ ಹತ್ತು ಕೋಳಿ ಸಾಸೇಜು,
ಮಂಜು ಹಿಡಿದು ಅಂಟಿಕೊಂಡು
ಒಂದೇ ಕಂಬಳಿ ಹೊದ್ದ ಮಕ್ಕಳ ಹಾಗೆ.
ಅಂಗಡಿಯವರು ಬೇಡವೆಂದದ್ದು ನಮ್ಮ ಮನೆಗೆ.

ಇಂಚರಾ ಕೂಡಿಸಿ ಕೂಡಿಸಿ ಓದಿದಳು:
"ಹಾಟು... ಡಾಗು. ಅಮ್ಮಾ, ಬಿಸಿ ನಾಯಿ!"
ಶ್, ಅಂದೆ.
ಕೆಳಗೆ ಪದ್ಮಾಸನಮ್ಮನವರು ಹೂ ಕಟ್ಟುವ ಹೊತ್ತು.
ಈ ಮನೆಯಲ್ಲಿ ಮೇಲಿನ ಮಾತು ಕೆಳಗಿಳಿಯಲು
ಮೆಟ್ಟಿಲು ಬೇಕಿಲ್ಲ.

ವಿನೋಬನಗರದಲ್ಲಿ ಹನ್ನೊಂದು ಮನೆ ನೋಡಿ
ಹನ್ನೆರಡನೆಯದು ಇದು.
"ಅಡುಗೆ ಎಲ್ಲ ನಮ್ಮ ಥರಾನೇ ಅಲ್ವಾ?" ಅಂದಿದ್ದರು.
ಹುಚ್ಚರಾಯ ತಲೆಯಾಡಿಸಿದ್ದ,
ಹೌದೋ ಅಲ್ಲವೋ ತಿಳಿಯದ ಹಾಗೆ.
ವ್ಯಾನು ಹಿಂದಕ್ಕೆ ತೆಗೆಯುವಾಗಲೂ ಹಾಗೇ ಆಡಿಸುತ್ತಾನೆ.
ಅಂದಿನಿಂದ ನನ್ನ ಅಡುಗೆಗೆ ಎರಡೇ ಅಳತೆ:
ಸದ್ದೆಷ್ಟು, ವಾಸನೆಯೆಷ್ಟು.

ನೀರಲ್ಲಿ ಬೇಯಿಸುವುದು ಕ್ಷೇಮ.
ಕುದಿಯುವ ನೀರಿನ ಸದ್ದಿಗೆ ಜಾತಿಯಿಲ್ಲ.
ಮುಚ್ಚಳ ಹಾಕಿ ಐದು ನಿಮಿಷ, ಉಬ್ಬಿ ತೇಲುತ್ತವೆ.
ಬಣ್ಣ ಮಾತ್ರ
ಮಾತು ನುಂಗಿಕೊಂಡವರ ಮುಖದ್ದು.
ಇಂಚರಾ ಒಂದು ಸಲ ಕಚ್ಚಿ ತಟ್ಟೆಯ ಅಂಚಿಗೆ ಸರಿಸಿದಳು.

ಮರುದಿನ ಇಡ್ಲಿ ಪಾತ್ರೆಯಲ್ಲಿ ಹಬೆಗೆ.
ಕುಳಿ ದುಂಡಗೆ, ಇದು ಉದ್ದ;
ತುಂಡು ಮಾಡಿ ಮೇಲೆ ಹಿಟ್ಟು ಹೊಯ್ದೆ.
ಹೊರಗಿಂದ ಅಪ್ಪಟ ಇಡ್ಲಿ, ಎಷ್ಟು ಅಪ್ಪಟವೆಂದರೆ
ಎಲ್ಲಿ ಮರೆತು ಕೆಳಗೂ ಎರಡು ಕೊಟ್ಟುಬಿಡುವೆನೋ ಎಂದು
ನನಗೇ ಹೆದರಿಕೆ ಹುಟ್ಟಿ
ಆ ದಾರಿ ಅಲ್ಲಿಗೇ ಬಿಟ್ಟೆ.

ಬನ್ನಿನದು ಬೇರೆಯೇ ಕತೆ.
ಸವಳಂಗ ರಸ್ತೆಯ ಬೇಕರಿಯಲ್ಲಿ ಬನ್ನೆಂದರೆ ದುಂಡು.
"ಉದ್ದದ್ದು ಇದೆಯಾ?"
"ಉದ್ದ ಬೇಕಿದ್ರೆ ಎರಡು ತಗೊಳ್ಳಿ ಅಕ್ಕಾ."
ಮನೆಗೆ ಬಂದು ಯೋಚಿಸಿದೆ, ಚಾಕು ಹಿಡಿದು.
ಒಂದೇ ಮಗ್ಗುಲಿಗೆ ಸಣ್ಣ ಸಣ್ಣ ಗೀರು ಹಾಕಿದರೆ
ಬಿಸಿಗೆ ಸಾಸೇಜು ತಾನಾಗಿ ಬಳುಕಿ
ಬಾಲ ಕಚ್ಚಲು ಹೊರಟ ನಾಯಿಯ ಹಾಗೆ ಸುತ್ತಿಕೊಂಡು
ದುಂಡು ಬನ್ನಲ್ಲಿ ಸರಿಯಾಗಿ ಕೂರುತ್ತದೆ.
ಆದರೆ ಅದಕ್ಕೆ ಕಾವಲಿ ಬೇಕು, ಎಣ್ಣೆ ಬೇಕು,
ಚುರ್ ಅನ್ನಲೇಬೇಕು.

ಭಾನುವಾರ ಕೆಳಗೆ ಬೀಗ; ಮತ್ತೂರಿಗೆ ಹೋಗಿದ್ದರು.
ಕಿಟಕಿ ಮುಚ್ಚಿದೆ. ಬಾಗಿಲ ಬುಡಕ್ಕೆ ಟವೆಲು.
ದೇವರ ಮುಂದೆ ಆರು ಊದುಕಡ್ಡಿ; ದೇವರಿಗೇ ಬೆರಗು.
ಈರುಳ್ಳಿ ಕೆಂಪಾಯಿತು, ಜಜ್ಜಿದ ಬೆಳ್ಳುಳ್ಳಿ ಬಿತ್ತು,
ನಾಲ್ಕು ಸಾಸೇಜು ಒಟ್ಟಿಗೆ ಮೈ ಮುರಿದೆದ್ದವು.
"ನಂದು ಕರ್ರಗಿರ್ಬೇಕು" ಎಂದು ಇಂಚರಾ
ಐದನೆಯದನ್ನು ಫೋರ್ಕಿಗೆ ಚುಚ್ಚಿ
ಗ್ಯಾಸಿನ ದೊಡ್ಡ ಉರಿಗೇ ಹಿಡಿದಳು.
ಪಟ್ಟೆಂದು ಚರ್ಮ ಸಿಡಿಯಿತು.
ಅದೇ ಗಳಿಗೆಗೆ ಗೇಟಿನ ಚಿಲಕ.

ಮೆಟ್ಟಿಲ ಮೇಲೆ ಹೆಜ್ಜೆ. ನಿಂತು. ಮತ್ತೆ ಹೆಜ್ಜೆ.
ಮಂಡಿನೋವಿನವರು ಯಾವತ್ತೂ ಹತ್ತಿದವರಲ್ಲ.
ಹುಚ್ಚರಾಯ ಬನ್ನು ಕಚ್ಚಿದವನು ಹಾಗೇ ಕೂತ.
ನೋಡಿದ ಹನ್ನೆರಡು ಮನೆಗಳೂ ಕಣ್ಣ ಮುಂದೆ ಬಂದವು,
ಇನ್ನೂ ನೋಡದ ಹದಿಮೂರನೆಯದೂ.

ಬಾಗಿಲಾಚೆ ಒಂದಿಷ್ಟು ಉಸಿರು. ಆಮೇಲೆ:
"ಏನಮ್ಮಾ, ಸೀಯ್ತಾ ಇದೆಯಲ್ಲ.
ಉರಿ ಸಣ್ಣ ಮಾಡ್ಕೋ."
ಹೆಜ್ಜೆ ಇಳಿಯಿತು, ನಿಂತು ನಿಂತು.

ಅದು ಅಡುಗೆಯ ಮಾತೋ ಬಾಡಿಗೆಯ ಮಾತೋ,
ಒಂದನೇ ತಾರೀಖು ದುಡ್ಡು ಎಣಿಸಿಕೊಳ್ಳುವಾಗಲೂ
ಅವರ ಮುಖದಲ್ಲಿ ಹುಡುಕಿದೆ. ಸಿಗಲಿಲ್ಲ.
ಆದರೆ ಆಮೇಲೆ ಮಾಡಿ ನೋಡಿದೆ:
ಸಣ್ಣ ಉರಿ, ಏಳು ನಿಮಿಷ,
ನಡುನಡುವೆ ಹೊರಳಿಸಬೇಕು.
ಚರ್ಮ ಒಡೆಯುವುದಿಲ್ಲ, ನಿಜ.