ಗುರುತು ಹಾಕುವ ಮೊದಲು

ಯಾವ ಕೈಯಲ್ಲಿ ಬರೆಯುತ್ತೀರಿ, ಮಿಸೆಸ್ ಹೊಂಬಾಳಿ,
ಎಂದು ಕೇಳಿದಳು ನರ್ಸ್ ಮಾರ್ವಾ.
ಬರೆಯುವುದೇ ಕಡಿಮೆ, ಅಂದೆ. ಕತ್ತರಿ ಬಲಗೈಲಿ,
ಬಟ್ಟೆ ಸರಿಸುವುದು ಎಡಗೈ.
ಎಡಗೈ ಅಳುಕಿದರೆ ಹೊಲಿಗೆ ಹಾವಾಗುತ್ತದೆ.
ಅವಳು ತಲೆಯಾಡಿಸಿ
‘ಎಡಗೈ’ ಎಂದು ಬರೆದುಕೊಂಡಳು.

ಆ ಕೈಯಲ್ಲಿ ನಾಳಕ್ಕೆ ನಾಳ ಗಂಟು ಹಾಕುತ್ತಾರಂತೆ.
ಅದು ಬಲಿಯಲು ಎರಡು ತಿಂಗಳು. ಆಮೇಲೆ
ಸೋಮವಾರ, ಬುಧವಾರ, ಶುಕ್ರವಾರ
ಕುರ್ಚಿಯಲ್ಲಿ ನಾಲ್ಕು ನಾಲ್ಕು ತಾಸು,
ನನ್ನ ರಕ್ತ ನನ್ನ ಬಿಟ್ಟು ಹೋಗಿ
ಮಿಂದು ಬರುವ ತನಕ ಕಾಯಬೇಕು.

ಅದು ಬೇಡವಾದರೆ ಹೊಟ್ಟೆಗೊಂದು ನಳಿಗೆ.
ರಾತ್ರಿ ನಾನು ಮಲಗಿದಾಗ ಮಂಚದ ಪಕ್ಕದ ಯಂತ್ರ
ಸಕ್ಕರೆ ನೀರು ತುಂಬುತ್ತದೆ, ಬಸಿಯುತ್ತದೆ,
ಮತ್ತೆ ತುಂಬುತ್ತದೆ, ಬೆಳಗಿನವರೆಗೆ
ಯಾರದೋ ಮನೆಯ ಅನ್ನದ ಗಂಜಿ ಬಸಿದ ಹಾಗೆ.
ಮಾರ್ವಾ ಒಂದು ಏಪ್ರನ್ ಕಟ್ಟಿಕೊಂಡು ತೋರಿಸಿದಳು,
ಅದಕ್ಕೆ ಹೊಲಿದ ಸುಳ್ಳು ಹೊಟ್ಟೆ, ಇಣುಕುವ ನಿಜದ ನಳಿಗೆ.
ಹೊಲಿಗೆ ಒರಟು. ಅಂಚು ಮಡಿಸಿರಲಿಲ್ಲ.
ನನ್ನ ಕಣ್ಣು ಅಲ್ಲೇ ನಿಂತು
ಅವಳು ಹೇಳಿದ್ದರಲ್ಲಿ ಅರ್ಧ ಕೇಳಿಸಲಿಲ್ಲ.

ಎರಡೂ ಬೇಡ ಅನ್ನುವುದೂ ಒಂದು ದಾರಿ,
ಅಂದರು ಡಾಕ್ಟರು, ದನಿ ತಗ್ಗಿಸಿ.
ಈರಣ್ಣ ಕಿಟಕಿಯಾಚೆ ನಿಂತ ಕಾರುಗಳನ್ನು
ಎಣಿಸತೊಡಗಿದ.

ಲೆಸ್ಟರಿನ ಆ ಉದ್ದನೆಯ ಕೋಣೆ ನೋಡಲು ಹೋದೆವು.
ಏಳನೆಯ ಕುರ್ಚಿಯ ಗುಲಾಬ್‌ಭಾಯಿ
ತೋಳು ಮಡಚಿ ತೋರಿಸಿದರು. ಮುಟ್ಟಿ ನೋಡಿ ಬೆಹನ್.
ಹಗ್ಗದಂತೆ ಉಬ್ಬಿದ ನಾಳ. ಬೆರಳಿನಡಿ
ದಾರ ಮುಗಿದ ಮೇಲೂ ತಿರುಗುವ ಬಾಬಿನ್ನಿನ ಸದ್ದು.
ಕಾಯಿಲೆಯನ್ನು ಇಲ್ಲೇ ಬಿಟ್ಟು ಹೋಗುತ್ತೇನೆ,
ಮನೆಗೆ ಒಯ್ಯುವುದಿಲ್ಲ, ಅಂದರು.
ನಾಲ್ಕು ದಿನ ಪೂರ್ತಿ ನನ್ನವು.
ಆಮೇಲೆ ಗಡಿಯಾರ ನೋಡಿದರು,
ಆಮೇಲೆ ಇನ್ನೊಮ್ಮೆ.

ನಮ್ಮ ಚಿಕ್ಕ ಕೋಣೆಯಲ್ಲಿ ಈರಣ್ಣ
ನನ್ನದೇ ಟೇಪು ಹಿಡಿದು ಬಗ್ಗಿದ.
ತಿಂಗಳಿಗೆ ಮೂವತ್ತು ಪೆಟ್ಟಿಗೆ ನೀರಿನ ಚೀಲ,
ಕಿಟಕಿಯವರೆಗೆ ಪೇರಿಸಬೇಕು.
ಅಲ್ಲಿ ಮೂವತ್ತೊಂದು ವರ್ಷದಿಂದ ನನ್ನ ಹೊಲಿಗೆ ಯಂತ್ರ,
ಅದರ ಮೇಲೆ ಅರ್ಧ ಬಿಚ್ಚಿದ ಯಾರದೋ ಮದುವೆಯ ರವಿಕೆ.
ನಿನ್ನ ಮಷಿನ್ನೋ, ನಿನ್ನ ಮಷಿನ್ನೋ,
ಎಂದು ಕೇಳಿ ತಾನೇ ಗಲಿಬಿಲಿಗೊಂಡ.

ಅವನದು ಚಿಪ್ಸ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ನಾನು ಮುಟ್ಟಬಾರದ ಉಪ್ಪು, ನಾನು ಎಣಿಸಿ ತಿನ್ನುವ ಆಲೂಗಡ್ಡೆ
ಅವನ ಅಂಗಿಯಲ್ಲಿ ಮನೆಗೆ ಬರುತ್ತವೆ.
ನಡುರಾತ್ರಿ ಅಲಾರಂ ಕೂಗಿದರೆ, ಅಂದ.
ಏಳುತ್ತೇನೆ, ಅಂದೆ.
ಕೂಸು ಅತ್ತಾಗ ಎದ್ದವಳು ಯಾರು ಅಂತ
ಕೇಳಬೇಕೆನಿಸಿತು. ಕೇಳಲಿಲ್ಲ.
ಅವನು ಆಗಲೇ ಬೀರುವಿನ ಅಳತೆ ಹಿಡಿಯುತ್ತಿದ್ದ.

ಹೊಟ್ಟೆಯನ್ನು ಆರಿಸಿದೆ.
ಸ್ವಾತಂತ್ರ್ಯ ಜಾಸ್ತಿ, ಅಂದಳು ಮಾರ್ವಾ. ಹೌದು ಅಂದೆ.
ನಿಜ ಹೇಳಬೇಕೆಂದರೆ ನನಗೆ ಸೂಜಿಯ ಭಯ.
ದಿನವಿಡೀ ಸೂಜಿ ಹಿಡಿಯುವವಳು,
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು
ಹೀಗಂದರೆ ಯಾರು ನಂಬುತ್ತಾರೆ?
ಬಟ್ಟೆಗೆ ಹೋಗುವ ಸೂಜಿ ಬೇರೆ.

ನಳಿಗೆ ಹೊರಬರುವ ಜಾಗಕ್ಕೆ ಗುರುತು ಹಾಕಬೇಕು.
ನಿಲ್ಲಿ, ಕೂರಿ, ಬಗ್ಗಿ, ಅಂದಳು,
ಹೊಕ್ಕುಳಿನ ಎಡಕ್ಕೆ ಪೆನ್ನು ಇಟ್ಟಳು.
ಅಲ್ಲಿ ಬೇಡಮ್ಮಾ, ಲಂಗದ ಲಾಡಿ ಬರುತ್ತದೆ,
ಸೀರೆಯ ನೆರಿಗೆ ಕೂರುವುದೂ ಅಲ್ಲೇ.
ಹಾಗಾದರೆ ನೀವೇ, ಎಂದು ಪೆನ್ನು ಕೊಟ್ಟಳು.

ಅಳತೆಗೆ ಬಂದ ಎಷ್ಟು ಹೆಂಗಸರಿಗೆ ಹೇಳಿದ್ದೇನೆ,
ಹೊಟ್ಟೆ ಒಳಗೆ ಎಳೆಯಬೇಡಿ, ಇದ್ದ ಹಾಗೆ ನಿಲ್ಲಿ.
ಟೇಪು ಕಂಡರೆ ಯಾರೂ ಇದ್ದ ಹಾಗೆ ನಿಲ್ಲುವುದಿಲ್ಲ.

ಕನ್ನಡಿಯಲ್ಲಿ ನೋಡಿದೆ, ನಾನೂ ಎಳೆದುಕೊಂಡಿದ್ದೆ.
ಉಸಿರು ಬಿಟ್ಟೆ.
ಗುರುತು ಒಂದು ಬೆರಳು ಕೆಳಗೆ ಸರಿಯಿತು.